ಸೀಸವಿಲ್ಲದ ಪೆಟ್ರೋಲು

೧೯೯೯ರ ಒಂದು ಬೆಳಿಗ್ಗೆ ಹರಿಹರದ ಪೆಟ್ರೋಲ್ ಬಂಕಿನಲ್ಲಿ ಶಾಲೆಯ ಟೀಚರ್ ಶಹಜಾದಿ ತನ್ನ ಲೂನಾ ಹಿಡಿದು ಸರದಿಯಲ್ಲಿ ನಿಂತಿದ್ದಳು. ಮುಂದಿದ್ದ ಹಳೇ ಅಂಬಾಸಿಡರ್ ಕಾರಿನಲ್ಲಿ ಭಾನುವಳ್ಳಿಯ ಉಜ್ಜನಪ್ಪನವರೂ ಅವರ ಹೆಂಡತಿ ಸರ್ವಮಂಗಳಮ್ಮನೂ ಕೂತಿದ್ದರು. ಕಿಟಕಿ ಇಳಿಸಿದ್ದರಿಂದ ಅವರ ಮಾತು ಅವಳಿಗೆ ಚೆನ್ನಾಗಿ ಕೇಳುತ್ತಿತ್ತು.

"ಸೀಸ ಇಲ್ಲದ ಪೆಟ್ರೋಲ್ ಬಂದೈತಂತಲ್ರಿ, ಅದನ್ನ ಹಾಕಿಸ್ರಿ."

"ಅದು ಹೊಸ ಕಾರಿಗೆ ಕಣೆ. ಇದರ ವಾಲ್ವ್ ಸವೆದು ಹೋಗ್ತಾವೆ ಅಂತ ಮೆಕ್ಯಾನಿಕ್ ಹೇಳ್ಯಾನೆ. ಸೀಸ ಇಲ್ದೆ ಪೆಟ್ರೋಲಿನ ಆಕ್ಟೇನ್ ಸಾಲದಿದ್ರೆ ಎಂಜಿನ್ ಟಕಟಕ ಬಡೀತೈತೆ."

"ಮಗಳ ಕೂಸು ಎಂಟೇ ತಿಂಗಳಿಗೆ ಹುಟ್ಟೈತೆ. ಸೀಸದ ಹೊಗೆ ಸೋಕಬಾರ್ದು ಅಂದಾರೆ ಡಾಕ್ಟ್ರು. ಈ ಕಾರಿನ ಹೊಗೆ ಹಿಂದಿನ ಸೀಟಿಗೇ ಬರ್ತೈತೆ."

ಉಜ್ಜನಪ್ಪನವರು ಸ್ಟೇರಿಂಗ್ ಸವರಿದರು.

"ಇಪ್ಪತ್ತೆಂಟು ವರ್ಷ ಓಡಿಸೀನಿ ಇದನ್ನ."

"ನಂಗೊತ್ತಿಲ್ವಾ? ಬ್ಯಾಡ ಬಿಡ್ರಿ. ದಾವಣಗೆರೆ ಆಸ್ಪತ್ರೆಯಿಂದ ಮಗಳನ್ನ, ಕೂಸನ್ನ ಬಸ್ಸಿನಾಗೆ ಕರ್ಕೊಂಡು ಬರೋಣ."

"ಬಸ್ಸಿನಾಗಾ? ನನ್ನ ಮೊಮ್ಮಗಳನ್ನಾ?"

ಅವರು ಕಿಟಕಿಯಿಂದ ತಲೆ ಹೊರಹಾಕಿ ಬಂಕಿನವನನ್ನು ಕೂಗಿದರು. "ಸೀಸ ಇಲ್ಲದ್ದೇ ಹಾಕಪ್ಪ. ಫುಲ್ ಮಾಡು."

"ವಾಲ್ವು?" ಎಂದರು ಸರ್ವಮಂಗಳಮ್ಮ, ಮೆಲ್ಲಗೆ.

"ಸವೆದ್ರೆ ಬ್ಯಾರೆ ಹಾಕಿಸಿದ್ರಾತು."

ಸರ್ವಮಂಗಳಮ್ಮ ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಿದರು. ಶಹಜಾದಿ ತಟ್ಟನೆ ಬೇರೆ ಕಡೆ ನೋಡಿದಳು. ಟ್ಯಾಂಕ್ ತುಂಬಿ ಕಾರು ಹೊರಟಾಗಲೂ ಮಾತು ಕೇಳಿಸಿತು.

"ನಿಧಾನ ಹೋಗ್ರಿ."

"ಕೂಸು ಇನ್ನೂ ಹತ್ತಿಲ್ಲ ಕಣೆ!"

"ಈಗಿಂದ್ಲೇ ರೂಢಿ ಆಗ್ಲಿ."

ಅಂಬಾಸಿಡರ್ ಎತ್ತಿನಗಾಡಿಯಷ್ಟೇ ನಿಧಾನವಾಗಿ ದಾವಣಗೆರೆ ರಸ್ತೆಗೆ ಇಳಿಯಿತು.