ಎಡ ಹೆಗಲು

ನವೆಂಬರ್ ಒಂಬತ್ತು. ಕಿವಿ ವೈದ್ಯರ ಕೋಣೆಯ ಹೊರಗೆ ನಾವು ಹನ್ನೊಂದು ಮಂದಿ ಕಾದಿದ್ದೆವು. ನನ್ನೆದುರು ವಯಸ್ಸಾದ ದಂಪತಿ ಕುಳಿತಿದ್ದರು. ಗಂಡನ ಕೊರಳಲ್ಲಿ ಉದ್ದ ಮೂತಿಯ ಕ್ಯಾಮೆರಾ ಇತ್ತು. ಹೆಂಡತಿ ಅವರ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಷ್ಟು ಜೋರಾಗಿ ಮಾತನಾಡುತ್ತಿದ್ದರು.

“ಆಸ್ಪತ್ರೆಗೂ ಇದನ್ನ ತರಬೇಕಿತ್ತಾ?”

“ದಾರೀಲಿ ಹಕ್ಕಿ ಸಿಕ್ಕಿದ್ರೆ?”

“ಗೇಟಿನ ಹತ್ರ ಸೂರಕ್ಕಿ ಕೂಗ್ತಾನೇ ಇತ್ತು.”

“ಮತ್ತೆ ಹೆಗಲು ತಟ್ಟಲಿಲ್ಲ ಯಾಕೆ?”

“ಮುನಿಸಿಕೊಂಡಿದ್ದೆ.”

“ಯಾಕಂತೆ?”

“ಎರಡು ವರ್ಷದಿಂದ ಹಕ್ಕಿ ಯಾವ ಕಡೆ ಕೂಗಿದ್ರೆ ಆ ಕಡೆ ಹೆಗಲು ತಟ್ಟಿ ತೋರಿಸ್ತಾ ಬಂದೆ. ಇನ್ನು ನಿಮ್ಮ ಕಿವಿಗೆ ಯಂತ್ರ ಬರುತ್ತೆ. ನಾನು ಮನೇಲಿ ನೊಣ ಹೊಡೀತಾ ಕೂತ್ಕೊಳ್ಲಾ?”

“ಅಯ್ಯೋ ಪೆದ್ದಿ, ಯಂತ್ರ ಹಕ್ಕಿಗಲ್ಲ ಕಣೇ. ಪೊದೆ ಹಿಂದೆ ಕೂತು ನೀನು ಏನೇನೋ ಪಿಸುಗುಟ್ತೀಯಲ್ಲ, ಅದು ಒಂದಕ್ಷರಾನೂ ಕೇಳಿಸಲ್ಲ, ಅದಕ್ಕೆ.”

“ರೀ, ಅದೆಲ್ಲ ನಿಮ್ಮನ್ನ ಬೈದಿದ್ದು.”

“ಬೈಗುಳಾನೇ ಇರಲಿ. ಎರಡು ವರ್ಷದ್ದು ಬಾಕಿ ಇದೆ. ಎಲ್ಲಾನೂ ಇನ್ನೊಂದ್ಸಲ ಹೇಳಬೇಕು ನೀನು.”

ಆಕೆ ಸೆರಗಿನಿಂದ ಕ್ಯಾಮೆರಾದ ಮೇಲಿನ ಧೂಳು ಒರೆಸಿದರು.

ಒಳಗಿನಿಂದ ಅವರ ಹೆಸರನ್ನು ಎರಡು ಬಾರಿ ಕೂಗಿದರು. ಗಂಡನಿಗೆ ಕೇಳಿಸಲಿಲ್ಲ. ಹೆಂಡತಿ ಅವರ ಎಡ ಹೆಗಲನ್ನು ಮೆಲ್ಲನೆ ತಟ್ಟಿದರು. ಅವರು ಥಟ್ಟನೆ ಎಡಕ್ಕೆ ತಿರುಗಿ ಕ್ಯಾಮೆರಾ ಎತ್ತಿದರು. ಅಲ್ಲಿ ಇದ್ದದ್ದು ವೈದ್ಯರ ಬಾಗಿಲು. ಇಬ್ಬರೂ ನಗುತ್ತಾ ಒಳಗೆ ಹೋದರು. ಎರಡು ವರ್ಷದ ಬಾಕಿ ಹಾಗೆಯೇ ಉಳಿಯಿತು.