ದೊಡ್ಡಪ್ಪನ ಕೋವಿಯ ಗಜ

ದೀಪ ಸಣ್ಣಗೆ ಮಾಡಿ. ನನಗೂ ಕಣ್ಣು ಎಳೀತಾ ಇದೆ, ಒಂದೇ ಸಲ ಹೇಳ್ತೀನಿ. ಮಧ್ಯೆ ಬಾಯಿ ಹಾಕಬೇಡಿ.

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ತೀರ್ಥಪ್ಪನಿಗೆ ಆದದ್ದು. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಗಣಪತಿ ಹಬ್ಬ ಕಳೆದಿತ್ತು. ಅವನು ಅಮೃತಾಪುರದಿಂದ ಬರುತ್ತಿದ್ದ. ಬೀರೂರಿನಲ್ಲಿ ಯಗಟಿ ಕಡೆಯ ಕೊನೇ ಬಸ್ಸು ಹಿಡಿದು, ನಮ್ಮೂರ ಗೇಟಿನಲ್ಲಿ ಇಳಿದು, ಹೊಲದ ದಾರಿ ಹಿಡಿದ. ಹೆಗಲ ಮೇಲೆ ಗೋಣಿತಾಟು ಸುತ್ತಿದ ಕೋವಿಯ ನಳಿಗೆ. ಬರೀ ನಳಿಗೆ. ಕಬ್ಬಿಣದ ಕೊಳವೆ, ಅಷ್ಟೆ.

ನಮ್ಮ ಹೊಲದ ಬಾವಿ ಹತ್ತಿರ ಬಂದ. ಬಾವಿ ಪಕ್ಕದಲ್ಲಿ ಹೊಂಗೆ ಮರ. ಮರದ ಬುಡದಲ್ಲಿ ನಮ್ಮ ದೊಡ್ಡಪ್ಪ ಕಲ್ಲೇಶಪ್ಪನ ಸಮಾಧಿ. ನಮ್ಮಲ್ಲಿ ಸುಡೋದಿಲ್ಲ, ಹೊಲದಲ್ಲೇ ಕೂರಿಸಿ ಮಣ್ಣು ಮಾಡ್ತೀವಿ, ನಿಮಗೇನು ಹೊಸದಲ್ಲ.

ಹೆಗಲ ಮೇಲೆ ಸದ್ದಾಯಿತು.

ಸರ್ರ್... ಟಿಣ್.

ತೀರ್ಥ ನಿಂತ. ನಳಿಗೆ ಇಳಿಸಿ ಬಗ್ಗಿಸಿದ. ಏನೂ ಬೀಳಲಿಲ್ಲ. ಬಾಯಿಟ್ಟು ಊದಿದ. ಭುಸ್ ಅಂತ ಆ ಕಡೆಯಿಂದ ಗಾಳಿ ಹೋಯಿತು, ತುಕ್ಕಿನ ವಾಸನೆ ಬಂತು. ಒಳಗೆ ಏನೂ ಇಲ್ಲ... ಮತ್ತೆ ಹೆಗಲಿಗೇರಿಸಿದ.

ಸರ್ರ್... ಟಿಣ್.

ಆ ಸದ್ದು ನಮ್ಮ ಮನೆಯ ಕೂಸಿಗೂ ಗೊತ್ತು. ಕೇಪಿನ ಕೋವಿಗೆ ಬಾಯಿಯಿಂದಲೇ ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರು, ಆಮೇಲೆ ಸೀಸದ ಚರೆ, ಮತ್ತೆ ನಾರು. ಇದನ್ನೆಲ್ಲ ಜಡಿಯೋಕೆ ಒಂದು ಉದ್ದನೆ ಕಬ್ಬಿಣದ ಸರಳು ಇರುತ್ತೆ, ಅದೇ ಗಜ. ಕೋವಿ ತುಂಬಿದೆಯೋ ಖಾಲಿಯೋ ಅಂತ ತಿಳಿಯೋದೂ ಗಜದಿಂದಲೇ. ಒಳಗೆ ಬಿಟ್ಟಾಗ ಟಿಣ್ ಅಂದರೆ ಖಾಲಿ. ದಬ್ ಅಂದರೆ ತುಂಬಿದೆ.

ದೊಡ್ಡಪ್ಪ ತೀರಿಕೊಂಡದ್ದು ಅಷ್ಟು ನೋಡದೇ ಹೋದದ್ದಕ್ಕೆ. ಹಂದಿ ಕಾಯುತ್ತಾ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದ. ಆ ಮಂಪರಿನಲ್ಲಿ ತುಂಬಿದ ಕೋವಿಗೇ ಮತ್ತೆ ತುಂಬಿ, ಈಡು ಹಾರಿಸೋ ಕುದುರೆ ಎಳೆದ. ಮದ್ದಿಗೆ ಕಿಡಿ ಹತ್ತಿಸುವ ಕೇಪನ್ನು ಕೂರಿಸುವ ಮೊಳೆ ಹಿಂದಕ್ಕೆ ಹಾರಿ ಹಣೆಗೆ ಹೊಡೆಯಿತು. ಸಮಾಧಿಗೆ ಇಳಿಸಿ ವಿಭೂತಿ ತುಂಬುತ್ತಿದ್ದಾಗ ದೊಡ್ಡಮ್ಮ ಕರಿಬಸಮ್ಮ ಎಲ್ಲರನ್ನೂ ತಳ್ಳಿಕೊಂಡು ಬಂದು, ಆ ಗಜವನ್ನು ಗಂಡನ ತೊಡೆ ಮೇಲೆ ಎಸೆದಳು.

"ಇನ್ನಾದ್ರೂ ನೋಡ್ಕಂಡು ತುಂಬ್ರಿ!"

ಅಳು ಅಲ್ಲ ಅದು, ಬೈಗುಳ. ಮೇಲೆತ್ತೋಕೆ ಯಾರಿಗೂ ಧೈರ್ಯ ಬರಲಿಲ್ಲ. ಗಜದ ಸಮೇತ ಮಣ್ಣು ಮುಚ್ಚಿದರು.

ಮನೆಯವರನ್ನೇ ತಿಂದ ಕೋವಿ ಇಡಿಯಾಗಿ ಒಂದೇ ಸೂರಿನಡಿ ಇರಬಾರದು ಅಂತ ನಮ್ಮ ಕಡೆ ನಂಬಿಕೆ. ಮಾರೋ ಹಾಗೂ ಇಲ್ಲ. ಬಿಡಿಸಿ ಹಂಚಿಬಿಡೋದು. ನಳಿಗೆ ಅಮೃತಾಪುರದ ಅತ್ತೆ ಮನೆಗೆ ಹೋಯಿತು. ಮರದ ಹಿಡಿ ಅಜ್ಜಂಪುರದ ಮಾವನ ಮನೆಗೆ. ಕುದುರೆ ನಮ್ಮ ಅಟ್ಟದಲ್ಲಿ ಉಳಿಯಿತು. ಮತ್ತೆ ಕೂಡಿಸುವ ಯೋಚನೆ ಯಾರಿಗೂ ಬರಲಿಲ್ಲ, ತೀರ್ಥನಿಗೆ ಬರುವ ತನಕ.

ಅವನನ್ನು ದೂರೋಕೂ ಮನಸ್ಸಾಗಲ್ಲ. ಹಗಲೆಲ್ಲ ಬೀರೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ತೂಗೋದು, ರಾತ್ರಿಯೆಲ್ಲ ಕಡಲೆಕಾಯಿ ಹೊಲ ಕಾಯೋದು. ಡಬ್ಬ ಬಡಿದರೆ ಹಂದಿಗಳು ತಲೆ ಕೂಡ ಎತ್ತುತ್ತಿರಲಿಲ್ಲ. ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಅಂತಾರಲ್ಲ, ಇವನು ಮುದ್ದೆ ಮುರಿಯುತ್ತಲೇ ತಟ್ಟೆ ಮೇಲೆ ತೂಕಡಿಸುತ್ತಿದ್ದ. ಒಂದು ಈಡು ಹೊಡೆದರೆ ಹಂದಿ ಸ್ವಲ್ಪ ದಿನ ಈ ಕಡೆ ಸುಳಿಯಲ್ಲ, ಅಷ್ಟು ದಿನ ಮಲಗಬಹುದು. ಅವನಿಗೆ ಬೇಕಿದ್ದದ್ದು ಅಷ್ಟೇ. ಅಮಲ್ದಾರ್ ಆಫೀಸಿಗೆ ಅಲೆದು ಲೈಸೆನ್ಸನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ.

ಆ ರಾತ್ರಿ ನಳಿಗೆ ತಂದು ಜಗಲಿ ಮೇಲಿಟ್ಟಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಳು.

"ಅದು ಕೂಡಬಾರ್ದು ಕಣೋ ತೀರ್ಥ."

"ನಂಗೆ ನಿದ್ದೆ ಬೇಕು ದೊಡ್ಡಮ್ಮ."

"ಅವ್ರೂ ಅದ್ನೇ ಅಂತಿದ್ರು..."

ಅಷ್ಟು ಹೇಳಿ ಒಳಗೆ ಹೋದಳು.

ಅಜ್ಜಂಪುರದಿಂದ ಮರದ ಹಿಡಿ ಬಂತು. ಒಲೆ ಪಕ್ಕದಲ್ಲಿ ಇಟ್ಟಿದ್ದಕ್ಕೆ ಅದು ಸೊಟ್ಟಗಾಗಿತ್ತು, ನಳಿಗೆ ಕೂರುತ್ತಿರಲಿಲ್ಲ. ತೀರ್ಥ ನಳಿಗೆಗೆ ಬುಡ್ಡಿದೀಪದ ಮಸಿ ಬಳಿದು ಮರದ ಹಿಡಿಯ ತೋಡಿನಲ್ಲಿ ಒತ್ತುವನು, ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಗಾಜಿನ ಚೂರಿನಿಂದ ಕೆರೆಯುವನು. ಮತ್ತೆ ಮಸಿ, ಮತ್ತೆ ಕೆರೆತ. ಕೆರ್... ಕೆರ್... ಮಂಡಿಯಿಂದ ಬಂದವನು ದಿನಾ ಸಂಜೆ ಅದೇ ಕೆಲಸ. ಕೆರೆಯುತ್ತಲೇ ನಿದ್ದೆ ಹೋಗಿ ಬೆರಳು ಕುಯ್ದುಕೊಂಡ. ಹೊಸ ಮೊಳೆಯನ್ನು ತರೀಕೆರೆಯ ಕಮ್ಮಾರ ಕೂರಿಸಿಕೊಟ್ಟ. ಗಜ ಮಾತ್ರ ಎಲ್ಲಿಂದ ತರೋದು? ಬಿದಿರಿನದ್ದೊಂದು ಸೀಳಿ ನಯ ಮಾಡಿಕೊಂಡ. ಬಿದಿರು ಒಳಗೆ ಬಿಟ್ಟರೆ ಟೊಕ್ ಅನ್ನುತ್ತೆ. ಟಿಣ್ ಅನ್ನೋದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕೋವಿ ಕೂಡಿದ ದಿನದಿಂದ, ಮನೆ ದೀಪ ಆರಿದ ಮೇಲೆ, ಅದನ್ನು ಒರಗಿಸಿಟ್ಟ ಮೂಲೆಯಿಂದ...

ಸರ್ರ್... ಟಿಣ್.

ಕತ್ತಲಲ್ಲಿ ದೊಡ್ಡಮ್ಮ ಪಿಸುಗುಟ್ಟುವಳು, "ಖಾಲಿ ಐತೆ. ಮಲಿಕ್ಕಳ್ರಿ." ಮಗ್ಗುಲು ಬದಲಿಸುವಳು. ತೀರ್ಥ ಕೇಳಿಸಿಕೊಂಡೂ ಏಳುತ್ತಿರಲಿಲ್ಲ. ದೆವ್ವಕ್ಕೆ ಹೆದರೋಕೂ ಮೈಯಲ್ಲಿ ತ್ರಾಣ ಬೇಕಲ್ರೀ.

ಹೊಸದಾಗಿ ಕೂಡಿಸಿದ ಕೋವಿಯ ಮೊದಲ ಈಡನ್ನು ಕೈಯಲ್ಲಿ ಹಿಡಿದು ಹೊಡೆಯಬಾರದು. ಒಂದು ಭಾನುವಾರ ಸಂಜೆ ತೀರ್ಥ ಹೊಲಕ್ಕೆ ಹೋಗಿ ತುಂಬಿದ. ಹೊಂಗೆ ಮರದ ಕವಲಿಗೆ ಬಿಗಿದು, ಬಾಯಿಯನ್ನು ಮಣ್ಣಿನ ಬದುವಿಗೆ ತಿರುಗಿಸಿ, ಕುದುರೆಗೆ ಹಗ್ಗ ಕಟ್ಟಿ, ಬಾವಿ ಕಟ್ಟೆಯ ಹಿಂದೆ ಕೂತು ಎಳೆದ.

ಚಟ್.

ಅಷ್ಟೇ. ಕೇಪು ಸಿಡಿಯಿತು, ಮದ್ದು ಹತ್ತಲಿಲ್ಲ. ಹಾಗಾದಾಗ ತಕ್ಷಣ ಹತ್ತಿರ ಹೋಗಬಾರದು, ತಡವಾಗಿ ಹತ್ತಿಕೊಳ್ಳೋದೂ ಉಂಟು. ಕಾಯಬೇಕು. ಕಟ್ಟೆಗೆ ಒರಗಿ ಕಾಯುತ್ತಾ ಕೂತ... ಅವನಂಥವನು ಒರಗಿದರೆ ಇನ್ನೇನಾಗುತ್ತೆ?

ಕನಸಿನಲ್ಲಿ ಢಂ ಅಂತ ಈಡು ಹಾರಿತು.

ಎಚ್ಚರವಾದಾಗ ಕತ್ತಲು. ಕಡಲೆಕಾಯಿ ಸಾಲಿನಲ್ಲಿ ಕರುಂ... ಕರುಂ... ಹಂದಿಗಳು ಬಂದಿದ್ದವು. ಕಿವಿಯಲ್ಲಿ ಇನ್ನೂ ಆ ಢಂ. ಈಡು ಹಾರಿದೆ, ಕೋವಿ ಚೆನ್ನಾಗಿದೆ ಅಂತಲೇ ಅವನು ತಿಳಿದ. ತಡವಿಕೊಂಡು ಹೋಗಿ ಕೋವಿ ಬಿಚ್ಚಿದ. ಬಿದಿರಿನ ಗಜ ಹುಡುಕಿದ, ಕೈಗೆ ಸಿಗಲಿಲ್ಲ. ಇರಲಿ, ಮೊದಲು ಸುರಿಯೋಣ ಅಂತ ಮದ್ದು ತುಂಬಿಡುವ ಕೊಂಬಿನಿಂದ ಒಂದಿಷ್ಟನ್ನು ಅಂಗೈಗೆ ಬಗ್ಗಿಸಿಕೊಂಡ. ಅಂಗೈಯನ್ನು ನಳಿಗೆಯ ಬಾಯಿಗೆ ತಂದ.

ಏನೋ ತಣ್ಣಗೆ ಬೆರಳಿಗೆ ತಾಕಿಕೊಂಡೇ ಒಳಗೆ ಇಳಿಯಿತು.

ಸರ್ರ್...

ಟಿಣ್ ಅನ್ನಲಿಲ್ಲ.

ದಬ್.

"ಯಾರದು?" ಅಂದ, ಪಿಸುದನಿಯಲ್ಲಿ. ಹಂದಿಗಳು ಅಗಿಯೋದು ನಿಂತುಹೋಯಿತು. ಗಾಳಿಯೂ ಇರಲಿಲ್ಲ.

ದಬ್... ದಬ್...

ಅವಸರವಿಲ್ಲದೆ. ಮಗ್ಗಿ ತಪ್ಪಿದ ಮಗುವಿಗೆ ಮತ್ತೊಂದು ಸಲ ಹೇಳಿಕೊಟ್ಟ ಹಾಗೆ. ತೀರ್ಥನ ಅಂಗೈ ಮದ್ದು ನೆಲಕ್ಕೆ ಸೋರಿತು. ಕೋವಿಯನ್ನು ಮರಕ್ಕೆ ಒರಗಿಸಿ ಮನೆ ಕಡೆ ನಡೆದ.

ದೊಡ್ಡಮ್ಮ ಎದ್ದೇ ಇದ್ದಳು.

"ಏನಾಯ್ತೋ?"

"ದಬ್ ಅಂತು ದೊಡ್ಡಮ್ಮ... ನಾನು ಮತ್ತೆ ತುಂಬ್ತಿದ್ದೆ."

ಅವಳು ಹೊಸಿಲ ಮೇಲೆ ಕುಸಿದು ಕೂತಳು. ಆಮೇಲೆ ಅವನ ತಲೆ ಸವರಿ, "ಹೋಗಿ ಮಲಿಕ್ಕೊ ಮಗಾ," ಅಂದಳು. ಅವನು ಮಾರನೇ ದಿನ ಮಧ್ಯಾಹ್ನದ ತನಕ ಏಳಲಿಲ್ಲ. ಹಂದಿಗಳು ಅರ್ಧ ಹೊಲ ತಿಂದುಹಾಕಿದವು. ಯಾರೂ ಅವನನ್ನು ಬೈಯಲಿಲ್ಲ.

ಬೆಳಗ್ಗೆ ದೊಡ್ಡಮ್ಮನ ಜೊತೆ ಹೋದವನು ನಾನೇ. ಕೋವಿ ಮರಕ್ಕೆ ಒರಗಿತ್ತು. ನಳಿಗೆಯೊಳಗೆ ಗಜ ನಿಂತಿತ್ತು. ಬಿದಿರಿನದಲ್ಲ, ಕಬ್ಬಿಣದ್ದು. ಕೆಳಗೆ ಮದ್ದು ಇದ್ದದ್ದಕ್ಕೆ ಪೂರ್ತಿ ಇಳಿಯದೆ, ಒಂದು ಗೇಣು ಮೇಲೆಯೇ ಉಳಿದಿತ್ತು. ಬಿದಿರಿನದು ಬಾವಿ ಕಟ್ಟೆ ಹತ್ತಿರ, ತೀರ್ಥ ಕೂತಿದ್ದ ಜಾಗದಲ್ಲೇ ಬಿದ್ದಿತ್ತು.

ದೊಡ್ಡಮ್ಮ ಗಜವನ್ನು ಮೆಲ್ಲಗೆ ಎಳೆದು ಮಡಿಲಲ್ಲಿಟ್ಟುಕೊಂಡು ಸಮಾಧಿ ಮುಂದೆ ಕೂತಳು.

"ಸಾಕು ಕಣ್ರೀ," ಅಂದಳು. "ನನ್ನ ಮಾತು ನಡೆಸ್ಕೊಟ್ರಿ. ನಾನು ಸಿಟ್ಟಲ್ಲಿ ಅಂದಿದ್ದು... ಇನ್ನು ಮಲಿಕ್ಕಳ್ರಿ."

ಆಗ ಅತ್ತಳು. ಇಷ್ಟು ವರ್ಷಕ್ಕೆ ಆಗ.

ಕೋವಿ ಮತ್ತೆ ಬಿಡಿಬಿಡಿಯಾಗಿ ಅಮೃತಾಪುರಕ್ಕೂ ಅಜ್ಜಂಪುರಕ್ಕೂ ಹೋಯಿತು. ಹೊಲ ಕಾಯೋಕೆ ನಾವೆಲ್ಲ ಸರದಿ ಹಾಕಿಕೊಂಡೆವು. ಮೊದಲೇ ಹಾಕಿಕೊಳ್ಳಬಹುದಿತ್ತು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ಕಂಡದ್ದನ್ನು ಹೇಳಿದೆ. ಸಮಾಧಿ ಸುತ್ತ ಒಂದು ಸುತ್ತು ಬಂದೆ, ಮೇಲಿನ ಗರಿಕೆ ಒಂದೆಳೆ ಕದಲಿರಲಿಲ್ಲ, ಎಲ್ಲೂ ಅಗೆದ ಗುರುತಿಲ್ಲ. ಆಮೇಲೆ ದೊಡ್ಡಮ್ಮನ ಮಡಿಲಲ್ಲಿದ್ದ ಗಜದ ಮೇಲ್ತುದಿ ಮುಟ್ಟಿದೆ, ಕೈಯಲ್ಲಿ ಹಿಡಿಯುವ ಕಡೆ. ಅಲ್ಲಿ ವಿಭೂತಿ ಅಂಟಿತ್ತು, ನಾಲ್ಕು ಬೆರಳಿನ ಅಗಲಕ್ಕೆ. ಹಸಿಯಾಗಿತ್ತು ಕಣ್ರೀ.