ತಾರೀಕು ಕೇಳುವ ಕಂಪ್ಯೂಟರ್

...ಹಾಗಂತ ಅವನು ಹೇಳಿದ, ನೀವು ತಲೆಯಾಡಿಸಿದ್ರಿ! ಅಕ್ಕಾ, ಕಂಪ್ಯೂಟರ್ ಮಾರೋನು ಇನ್ನೇನು ಹೇಳ್ತಾನೆ? ಹಳೇದೇ ಇಟ್ಕೊಳ್ಳಿ ಅಂತಾನಾ? ಕನ್ನಡಕದ ಅಂಗಡಿ ನಿಮ್ಮದು, ಒಪ್ತೀನಿ. ಆದ್ರೆ ಈ ಗಾಜು ಉಜ್ಜೋ ಯಂತ್ರದ ಮುಂದೆ ನಾಲ್ಕು ವರ್ಷದಿಂದ ಕೂತಿರೋದು ಯಾರು? ನಾನು. ಊರಿನ ಅರ್ಧ ಜನರ ಕಣ್ಣಿನ ನಂಬರು ನನಗೆ ಬಾಯಿಪಾಠ.

ಯಾಕೆ ನಗ್ತೀರಿ? ನಾನು ಓದಿದ್ದು ಬರೀ ಹತ್ತನೇ ಕ್ಲಾಸು ಅಂತಾನಾ? ಅವನೂ ಅದಕ್ಕೇ ನಕ್ಕ. "ಇದು ಅಜ್ಜನ ಕಾಲದ ಡಾಸ್ ಅಮ್ಮಾ, ನಿಮಗೆ ಗೊತ್ತಾಗಲ್ಲ" ಅಂದ. ಗೊತ್ತಾಗಲ್ವಂತೆ! ಮೊದಲು ಕಪ್ಪು ಪರದೆ, ಏನು ಬೇಕಾದ್ರೂ ಟೈಪು ಮಾಡಿಯೇ ಕೇಳಬೇಕು. ಆಮೇಲೆ ಚಿತ್ರ ಬಂತು, ಮೌಸು ಬಂತು, ಯಾರು ಬೇಕಾದ್ರೂ ಒತ್ತಬಹುದು ಅಂತಾಯ್ತು. ಈಗ ವರ್ಷಾವರ್ಷ ಬಾಡಿಗೆ ಕಟ್ಟಬೇಕು, ಅದರ ಮೇಲೆ ಗಿರಾಕಿ ಕಾಯ್ತಿರುವಾಗಲೇ "ಸ್ವಲ್ಪ ತಾಳಿ, ನಾನು ಹೊಸದಾಗ್ತಿದೀನಿ" ಅನ್ನುತ್ತೆ! ದೊಡ್ಡ ಕಂಪನಿಯವರು ಹೇಗೆ ಆರಿಸ್ತಾರೆ ಗೊತ್ತಾ? ಪಕ್ಕದವರು ಏನು ತಗೊಂಡ್ರು ಅಂತ ನೋಡ್ತಾರೆ. ಕೆಟ್ಟರೆ ಬೈಯೋಕೆ ಒಬ್ಬ ಸಿಗ್ತಾನಾ ಅಂತ ನೋಡ್ತಾರೆ. ನಾವು ಕೇಳಬೇಕಾದ್ದು ಒಂದೇ: ಕಣ್ಣಿನ ನಂಬರು ಕಳಿಸೋಕೆ ನಮ್ಮ ಯಂತ್ರದ ಜೊತೆ ಅದು ಮಾತಾಡುತ್ತಾ? ಅವನದು ಮಾತಾಡಲ್ಲ. "ಯಂತ್ರಾನೂ ಬದಲಾಯಿಸಿ" ಅಂದ. ಚಪ್ಪಲಿ ಹಿಡಿಸದಿದ್ರೆ ಕಾಲು ಬದಲಾಯಿಸಿ ಅಂದ ಹಾಗಾಯ್ತು!

ಮತ್ತೆ, "ಹೊಸದು ಬಂದ್ರೆ ಕೋಣೆಯೊಳಗೆ ಧೂಳೂ ಕೂಡದು, ಮಗೂನೂ ಕೂಡದು" ಅಂದನಲ್ಲ, ಅದಕ್ಕೂ ತಲೆಯಾಡಿಸಿದ್ರಿ. ಮಗು ಬೇಡ ಅಂದ್ರೆ ನಾನೂ ಬೇಡ ಅಂತಲೇ ಅರ್ಥ. ನನ್ನ ಮಗಳು ಇವಳನ್ನ ಯಾರ ಹತ್ರ ಬಿಡ್ಲಿ? ಅತ್ತೆಗೆ ಸೊಂಟನೋವು, ಏಳೋಕೇ ಆಗಲ್ಲ. ಇವಳು ಏನು ಮಾಡಿದಾಳೆ ಹೇಳಿ! ಪಾಪ, ಮೂಲೆಯಲ್ಲಿ ಖಾಲಿ ಡಬ್ಬಿ ಉರುಳಿಸ್ಕೊಂಡಿರ್ತಾಳೆ. ಯಾವತ್ತಾದ್ರೂ ಒಂದು ವೈರು ಮುಟ್ಟಿದಾಳಾ?

ಹಳೇದಕ್ಕಿರೋ ಕಾಯಿಲೆ ಒಂದೇ. ತಾರೀಕು ನೆನಪಿಡೋ ಒಳಗಿನ ಸೆಲ್ ಸತ್ತು ಎಷ್ಟೋ ವರ್ಷ ಆಯ್ತು. ದಿನಾ ಬೆಳಗ್ಗೆ ಇವತ್ತು ಏನು ತಾರೀಕು ಅಂತ ನನ್ನನ್ನೇ ಕೇಳುತ್ತೆ. ನಾನು ಟೈಪು ಮಾಡಿದ ಮೇಲೇ ಮುಂದಿನ ಕೆಲಸ. ಎಷ್ಟು ವಿನಯ ನೋಡಿ! ಈಗಿನವು ಯಾರನ್ನ ಕೇಳ್ತಾವೆ?

ಏನು, ಆನ್ ಮಾಡಿ ತೋರಿಸ್ಲಾ? ಈಗ್ಲೇನಾ? ನೀವು ಯಾವತ್ತೂ ಹತ್ತು ಗಂಟೆಗೆ ಮೊದಲು ಬಂದವರಲ್ಲ, ಇವತ್ತೇ... ಸರಿ, ಮಾಡ್ತೀನಿ. ನನಗೇನು ಹೆದರಿಕೆ? ನೋಡಿ. ಕಪ್ಪು ಪರದೆ. ಬಿಳಿ ಅಕ್ಷರ. ಗಿರಾಕಿಗಳ ಪಟ್ಟಿ. ಅದೇ ನಮ್ಮ ಹಳೇ...

ಯಾಕೆ ಹಾಗೆ ನೋಡ್ತೀರಿ?

ಆ ಮೂಲೆಯಲ್ಲಿರೋದಾ? ಇವತ್ತಿನ ತಾರೀಕು. ಸರಿಯಾಗೇ ಇದೆಯಲ್ಲ...

ಹೌದು. ನಾನು ಟೈಪು ಮಾಡ್ಲಿಲ್ಲ. ಅದು ಕೇಳ್ಲೂ ಇಲ್ಲ.

ಅಕ್ಕಾ, ಮೇಜಿನ ಕೆಳಗೆ ಬಗ್ಗಬೇಡಿ. ನಾನೇ ಹೇಳ್ತೀನಿ.

ಸರಿ! ಹಳೇದು ಸತ್ತು ಎರಡು ತಿಂಗಳಾಯ್ತು. ಇವಳೇ ವೈರು ಹಿಡಿದೆಳೆದಳು, ಪೆಟ್ಟಿಗೆ ಧಡ್ ಅಂತ ಬಿತ್ತು. ನೀವು ತಂಗಿ ಮನೆಗೆ ಹೋಗಿದ್ರಿ. ಕೆಲಸಕ್ಕೆ ಬಾರದು ಅಂತ ನೀವು ಅಟ್ಟಕ್ಕೆ ಹಾಕಿದ್ರಲ್ಲ, ಆ ಇನ್ನೊಂದು ಕಂಪ್ಯೂಟರ್ ಇಳಿಸಿ ಮೇಜಿನ ಕೆಳಗೆ ಇಟ್ಟೆ, ಸತ್ತದ್ದನ್ನ ಮೇಲೆ ತೋರಿಕೆಗೆ ಬಿಟ್ಟೆ. ಕಂಪ್ಯೂಟರ್ ನಡೆಸೋಕೆ ಲಿನಕ್ಸ್ ಅಂತ ಒಂದು ಪುಕ್ಕಟೆ ಸಿಗುತ್ತೆ, ಅದನ್ನ ಹಾಕ್ದೆ. ಅದರೊಳಗೆ ಡಾಸ್ ಥರಾನೇ ನಟಿಸೋ ಇನ್ನೊಂದು ಪ್ರೋಗ್ರಾಮು. ಇವಳಿಗೆ ಹಾಲು ಕುಡಿಸ್ತಾ ಫೋನಲ್ಲಿ ನೋಡ್ಕೊಂಡೇ ಕಲಿತೆ. ಪ್ರತಿ ಶನಿವಾರ ಪಟ್ಟಿಯ ನಕಲು ತೆಗೆದಿಡ್ತಿದ್ದೆನಲ್ಲ, ಅದು ಕೈಹಿಡೀತು. ಎಲ್ಲಾ ಹಳೇದರ ಥರಾನೇ ಮಾಡ್ದೆ. ತಾರೀಕು ಕೇಳಿಸೋದೊಂದು ಮರೆತೆ.

ಬಚ್ಚಿಟ್ಟಿದ್ದು ತಪ್ಪು. ಅಷ್ಟಕ್ಕೆ ಬೈಯಿರಿ. ಮಾಡಿದ ಕೆಲಸಕ್ಕೆ ಮಾತ್ರ ಬೈಸ್ಕೊಳ್ಳಲ್ಲ. ಎರಡು ತಿಂಗಳಲ್ಲಿ ಒಂದು ಗಾಜು ವಾಪಸ್ ಬಂದಿದೆಯಾ?

ಯಾಕೆ ಕನ್ನಡಕ ತೆಗೆದ್ರಿ?

...ಹೌದು. ಅದೂ. ಹೋದ ತಿಂಗಳು ಇದರಲ್ಲೇ ಉಜ್ಜಿದ್ದು. ಸೊಳ್ಳೆ ಕಾಲೂ ಕಾಣುತ್ತೆ ಕಣೇ ಅಂತ ಹೊಗಳಿದ್ರಿ.

ಇಲ್ಲದಿದ್ರೆ ಅಷ್ಟು ಸಣ್ಣ ತಾರೀಕು, ಅಷ್ಟು ದೂರ ನಿಂತ ನಿಮಗೆ ಹೇಗೆ ಕಂಡಿತು ಅಂದ್ಕೊಂಡ್ರಿ?